ಕಾಲು ಆಮೇಲೆ ನೋಡಿ, ಮೊದಲು ಕೈಯಲ್ಲಿ ಏನಿದೆ ನೋಡಿ

ಡೊಳ್ಳು ಕುಣಿತ. ಪಟ ಕುಣಿತ. ಪೂಜಾ ಕುಣಿತ. ನಂದಿಕೋಲು ಕುಣಿತ. ಬೀಸು ಕಂಸಾಳೆ. ಈ ಹೆಸರುಗಳನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ. ಒಂದರಲ್ಲಾದರೂ ಹೆಜ್ಜೆಯ ಹೆಸರಿದೆಯಾ? ಎಲ್ಲವೂ ಒಂದೊಂದು ವಸ್ತುವಿನ ಹೆಸರು. ಡೊಳ್ಳು ವಾದ್ಯ, ಪಟ ಬಿದಿರಿನ ಗಳ, ಪೂಜೆ ಅಂದರೆ ತಲೆ ಮೇಲೆ ಹೊರುವ ದೇವಿಯ ಚೌಕಟ್ಟು, ನಂದಿಕೋಲು ಎತ್ತರದ ಕಂಬ, ಕಂಸಾಳೆ ಕಂಚಿನ ತಾಳ. ವೀರಗಾಸೆಯಲ್ಲೂ ಅಷ್ಟೇ, ಅಲ್ಲಿರುವ 'ಕಾಸೆ' ಅಂದರೆ ಬಿಗಿದು ಕಟ್ಟಿದ ಕಚ್ಚೆ.

ನನ್ನ ಅಕ್ಕನ ಮಗಳು ಒಂದು ಪರೀಕ್ಷೆಗೆ ಓದುತ್ತಾ ಕುಣಿತ, ಜಿಲ್ಲೆ, ದೇವರು ಅಂತ ಮೂರು ಕಾಲಂ ಹಾಕಿಕೊಂಡು ಬಾಯಿಪಾಠ ಮಾಡುತ್ತಿದ್ದಳು. "ಮಾಮ, ವಿಡಿಯೋ ನೋಡಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ, ಬಣ್ಣದ ಬಟ್ಟೆ, ಜೋರು ಸದ್ದು, ಅಷ್ಟೇ" ಅಂದಳು. ಅವಳ ತಪ್ಪೇನಿಲ್ಲ. ನಮಗೆ ಇವನ್ನು ತೋರಿಸುವುದೇ ಹಾಗೆ. ಮೆರವಣಿಗೆಯಲ್ಲಿ ಒಂದರ ಹಿಂದೆ ಒಂದು ತಂಡ ಹೋಗುತ್ತದೆ, ಮೈಕಿನಲ್ಲಿ ಹೆಸರು ಹೇಳುತ್ತಾರೆ, ನಾವು ಫೋನ್ ಎತ್ತಿ ಹಿಡಿಯುತ್ತೇವೆ. ಅವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಕುಣಿಯುವವರ ಕಾಲನ್ನು ಆಮೇಲೆ ನೋಡಿ. ಮೊದಲು ಅವರ ಕೈಯಲ್ಲಿ, ಸೊಂಟದಲ್ಲಿ, ತಲೆಯ ಮೇಲೆ ಏನಿದೆ ನೋಡಿ. ಅದರ ತೂಕ ಎಷ್ಟಿರಬಹುದು, ಅದು ಬೀಳದ ಹಾಗೆ, ತಾಗದ ಹಾಗೆ, ನಿಲ್ಲದ ಹಾಗೆ ನೋಡಿಕೊಳ್ಳಲು ಮೈ ಏನು ಮಾಡಬೇಕು ಅಂತ ಯೋಚಿಸಿ. ಹೆಜ್ಜೆ ಯಾಕೆ ಹಾಗಿದೆ ಅಂತ ತಾನಾಗಿ ಗೊತ್ತಾಗುತ್ತದೆ.

ಡೊಳ್ಳಿನಿಂದ ಶುರು ಮಾಡೋಣ, ಎಲ್ಲರೂ ನೋಡಿರುವಂಥದ್ದು.

ಡೊಳ್ಳು ಅಂದರೆ ಒಳಗೆ ಟೊಳ್ಳು ಮಾಡಿದ ಮರದ ಪೀಪಾಯಿ. ಎರಡೂ ಬಾಯಿಗೆ ಆಡು, ಕುರಿಯ ಚರ್ಮ ಹೊದಿಸಿ ಹಗ್ಗದಿಂದ ಬಿಗಿದಿರುತ್ತಾರೆ. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಕೋಲಿನ ಏಟು ಒಡೆದು ಕೇಳುತ್ತದೆ, ಅಂಗೈ ಏಟು ಒಳಗಿಂದ ಗುಮ್ಮೆನ್ನುತ್ತದೆ. ಈ ಎರಡು ಸದ್ದಿನ ನಡುವಿನ ಮಾತುಕತೆಯೇ ಡೊಳ್ಳಿನ ಗತ್ತು. ಶಿವಮೊಗ್ಗದ ಕಡೆ ಒಂದು ಊರಿನಲ್ಲಿ ನಾನೊಮ್ಮೆ ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು ನೋಡಿದೆ. ನಿಂತಾಗ ಪರವಾಗಿಲ್ಲ ಅನಿಸಿತು. ಎರಡು ಹೆಜ್ಜೆ ಹಾಕಿ ತಿರುಗಿದೆ ನೋಡಿ, ನಾನು ನಿಂತೆ, ಡೊಳ್ಳು ನಿಲ್ಲಲಿಲ್ಲ. ಅದು ತನ್ನ ಪಾಡಿಗೆ ಇನ್ನೂ ಅರ್ಧ ಸುತ್ತು ಹೋಗಲು ನೋಡಿತು, ಜೊತೆಗೆ ನನ್ನನ್ನೂ ಎಳೆಯಿತು. ಪಕ್ಕದಲ್ಲಿದ್ದ ಹುಡುಗ ನನ್ನ ಬೆನ್ನಿಗೆ ಕೈ ಕೊಟ್ಟು, "ಅಣ್ಣ, ಅದನ್ನ ತಡೀಬೇಡ್ರಿ, ಅದರ ಜೊತೆ ಹೋಗ್ರಿ" ಅಂದ.

ಆ ಒಂದು ಮಾತಿನಲ್ಲಿ ಇಡೀ ಕುಣಿತ ಇದೆ. ಡೊಳ್ಳಿನವರು ತಿರುಗಿದ ಮೇಲೆ ಒಂದು ಕಾಲನ್ನು ದೂರ ಎಸೆದು ಊರುತ್ತಾರಲ್ಲ, ಅದು ಚೆಂದಕ್ಕೆ ಮಾತ್ರ ಬಂದದ್ದಲ್ಲ. ತಿರುಗುತ್ತಿರುವ ಭಾರವನ್ನು ನೆಲಕ್ಕೆ ಇಳಿಸುವ ದಾರಿ ಅದು. ಸೊಂಟದ ಮುಂದೆ ಭಾರ ಇರುವುದರಿಂದ ಮೈ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಕಾಲು ಅಗಲಿಸಿ ಇಡಬೇಕು, ಮಂಡಿ ಸಡಿಲ ಇರಬೇಕು. ನೆಗೆಯುವಾಗ ಡೊಳ್ಳು ಒಂದು ಕ್ಷಣ ತೂಕ ಕಳೆದುಕೊಳ್ಳುತ್ತದೆ, ಆಗಲೇ ಏಟು ಬೀಳಬೇಕು. ಬರಿಮೈಯಲ್ಲಿ ಇದೇ ಹೆಜ್ಜೆ ಹಾಕಿ ನೋಡಿ, ಸಪ್ಪೆ ಅನಿಸುತ್ತದೆ. ಶಾಲೆ ವಾರ್ಷಿಕೋತ್ಸವಗಳಲ್ಲಿ ರಟ್ಟಿನ ಡೊಳ್ಳು ಕಟ್ಟಿ ಮಕ್ಕಳನ್ನು ಕುಣಿಸುತ್ತಾರಲ್ಲ, ಹೆಜ್ಜೆ ಎಲ್ಲಾ ಸರಿ ಇದ್ದರೂ ಏನೋ ಕಡಿಮೆ ಅನಿಸುವುದು ಇದಕ್ಕೇ. ಎಳೆಯುವ ಭಾರವೇ ಇಲ್ಲ.

ಡೊಳ್ಳಿನವರು ಯಾಕೆ ಪದೇ ಪದೇ ದುಂಡಗೆ ನಿಲ್ಲುತ್ತಾರೆ ಅಂತಲೂ ನೋಡಿ. ಇದು ನಾನು ಕಂಡುಕೊಂಡ ಲೆಕ್ಕ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ 34 ಮೀಟರ್ ಉದ್ದದ ಮೆರವಣಿಗೆಯಲ್ಲಿ ಮುಂದಿನವನ ಏಟು ಹಿಂದಿನವನ ಕಿವಿಗೆ ಬರುವ ಹೊತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಗತ್ತು ಜೋರಾದಾಗ ಅಷ್ಟು ತಡ ಅಂದರೆ ಎಡವಟ್ಟೇ. ದುಂಡಗೆ ನಿಂತು, ತಾಳ ಹಿಡಿದವನು ನಡುವೆ ಬಂದರೆ ಎಲ್ಲರಿಗೂ ಅವನು ಒಂದೇ ದೂರ. ಜೊತೆಗೆ ಎದುರಿನವನ ಕೋಲು ಏಳುವುದು ಕಣ್ಣಿಗೆ ಕಾಣುತ್ತದೆ, ಕಿವಿಗಿಂತ ಮೊದಲೇ.

ಇನ್ನು ಡೊಳ್ಳು ಯಾರದ್ದು? ಹಾಲುಮತದವರು, ಅಂದರೆ ಕುರುಬರು, ತಮ್ಮ ದೇವರು ಬೀರೇಶ್ವರನ ಮುಂದೆ ಬಾರಿಸುತ್ತಾ ಬಂದ ವಾದ್ಯ ಇದು. ಡೊಳ್ಳಾಸುರ ಅನ್ನುವ ರಾಕ್ಷಸ ತಪಸ್ಸು ಮಾಡಿ, ಶಿವನನ್ನೇ ನುಂಗುವ ವರ ಕೇಳಿ ನುಂಗಿದನಂತೆ. ಶಿವ ಹೊಟ್ಟೆಯೊಳಗೇ ಬೆಳೆದು, ಅವನನ್ನು ಸೀಳಿ ಹೊರಬಂದು, ಅವನ ಚರ್ಮದಿಂದಲೇ ಡೊಳ್ಳು ಮಾಡಿ ಭಕ್ತರಿಗೆ ಕೊಟ್ಟನಂತೆ. ಕುರಿ ಕಾಯುವವರ ಕೈಗೆ ಚರ್ಮದ ವಾದ್ಯ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ? ಬಹಳ ಕಾಲ ಗಂಡಸರೇ ಬಾರಿಸುತ್ತಿದ್ದರು. ಈಗ ಶಿವಮೊಗ್ಗ, ಸಾಗರದ ಕಡೆ ಹೆಣ್ಣುಮಕ್ಕಳ ತಂಡಗಳೂ ಇವೆ, ಅದೇ ಮರದ ಡೊಳ್ಳು ಹೊತ್ತು ಅದೇ ನೆಗೆತ ನೆಗೆಯುತ್ತಾರೆ. ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬ ಹುಡುಗಿ ಗರಗರ ತಿರುಗಿ ಕಾಲೂರುವುದನ್ನು ನೋಡಿದಾಗ ನನಗೆ ಮೈ ಜುಮ್ ಅಂದಿತ್ತು.

ಈಗ ಕಂಸಾಳೆ. ನನಗೆ ತುಂಬಾ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ.

ಕಾಂಸ್ಯ ತಾಳವೇ ಬಾಯಲ್ಲಿ ಕಂಸಾಳೆ ಆಗಿದೆ. ಭಜನೆಯ ತಾಳದ ಹಾಗೆ ಇದು ಜೋಡಿ ಬಿಲ್ಲೆಗಳಲ್ಲ. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನ ಹಾಗೆ ಆಳ ಇರುತ್ತದೆ. ಬಲಗೈಯದ್ದು ಚಪ್ಪಟೆ, ಅದಕ್ಕೆ ಉದ್ದನೆಯ ದಾರ, ದಾರದ ತುದಿಗೆ ಬಣ್ಣದ ಗೊಂಡೆ. ದಾರ ಹಿಡಿದು ಆ ಚಪ್ಪಟೆ ತಾಳವನ್ನು ಬೀಸಿ, ಅದು ತಿರುಗಿ ಬಂದು ಬಟ್ಟಲಿಗೆ ಬಡಿಯುವ ಹಾಗೆ ಮಾಡುವುದೇ ಬೀಸು ಕಂಸಾಳೆ. ತಲೆಯ ಸುತ್ತ, ಬೆನ್ನ ಹಿಂದೆ, ಮಂಡಿಯ ಕೆಳಗೆ, ಕೂತು, ಅಂಗಾತ ಮಲಗಿ, ಎಲ್ಲಿಂದ ಬೀಸಿದರೂ ತಾಳ ಬಿಟ್ಟು ಹೋಗಬಾರದು. ಕೆಲವೊಮ್ಮೆ ನನ್ನ ಬಿಲ್ಲೆ ನನ್ನ ಬಟ್ಟಲಿಗಲ್ಲ, ಪಕ್ಕದವನ ಬಟ್ಟಲಿಗೆ ಬಡಿಯಬೇಕು, ಅವನದ್ದು ಇನ್ನೊಬ್ಬನಿಗೆ. ಕಂಚಿನ ಬಿಲ್ಲೆ ಹಣೆಗೆ ತಾಗಿದರೆ ರಕ್ತ ಬರುತ್ತದೆ. ತಮಾಷೆಯಲ್ಲ.

ಕೊಳ್ಳೇಗಾಲದ ಕಡೆ ಒಬ್ಬ ಅಜ್ಜನ ಹತ್ತಿರ ನಾನು ಅರ್ಧ ದಿನ ಇದನ್ನು ಕಲಿಯಲು ನೋಡಿದೆ. ನನ್ನ ಬಿಲ್ಲೆ ಪ್ರತಿ ಸಲ ಬಟ್ಟಲು ತಪ್ಪಿ ಮೊಣಕೈಗೆ ಬಡಿಯುತ್ತಿತ್ತು. ಅಜ್ಜ ಸುಮ್ನೆ ನೋಡುತ್ತಾ ಕೂತಿದ್ದರು. ಆಮೇಲೆ ಹೇಳಿದರು, "ತಾಳವ ಬೀಸ್ಬ್ಯಾಡ ಕಣಪ್ಪ, ದಾರವ ಬೀಸು." ನನಗೆ ಮೊದಲು ಅರ್ಥವಾಗಲಿಲ್ಲ. ನಾನು ಬಿಲ್ಲೆ ಎಲ್ಲಿದೆ ಅಂತ ಕಣ್ಣಲ್ಲಿ ಹುಡುಕಿ, ಅದನ್ನು ಬಟ್ಟಲಿಗೆ ತರಲು ಕೈ ಎಳೆಯುತ್ತಿದ್ದೆ. ಎಳೆದ ಕೂಡಲೇ ದಾರ ಸಡಿಲವಾಗುತ್ತದೆ, ದಾರ ಸಡಿಲವಾದರೆ ಬಿಲ್ಲೆ ಯಾರ ಮಾತೂ ಕೇಳುವುದಿಲ್ಲ. ದಾರ ಸದಾ ಬಿಗಿ ಇರಬೇಕು. ದಾರ ಉದ್ದ ಬಿಟ್ಟರೆ ಸುತ್ತು ದೊಡ್ಡದು, ಬಿಲ್ಲೆ ಬರುವುದು ನಿಧಾನ. ಬೆರಳಿಗೆ ಒಂದು ಸುತ್ತು ಸುತ್ತಿ ಗಿಡ್ಡ ಮಾಡಿದರೆ ಬೇಗ ಬರುತ್ತದೆ. ಅಂದರೆ ಹಾಡಿನ ಲಯ ದಾರದ ಉದ್ದದಲ್ಲಿ ಕೂತಿದೆ! ಕಾಲು ಮಾಡುವುದೇನು? ಬಿಲ್ಲೆ ಸುತ್ತಿ ಬರುವಷ್ಟರಲ್ಲಿ ಮೈಯನ್ನು ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗುವುದು, ಅಷ್ಟೇ. ಕಂಸಾಳೆಯವರು ಬಗ್ಗುವುದು, ಕೂರುವುದು, ಒಂದು ಕಾಲಲ್ಲಿ ತಿರುಗುವುದು ಎಲ್ಲವೂ ದಾರಕ್ಕೆ ದಾರಿ ಬಿಡುವ ಕೆಲಸ.

ಕಂಸಾಳೆಯನ್ನು ಕೈಗೆ ಯಾರು ಬೇಕಾದರೂ ತೆಗೆದುಕೊಳ್ಳುತ್ತಿರಲಿಲ್ಲ. ಮಲೆ ಮಹದೇಶ್ವರನ ಒಕ್ಕಲಾಗಿ, ಗುರುವಿನಿಂದ ದೀಕ್ಷೆ ಪಡೆದವರ ಕೈಗೆ ಬರುತ್ತಿತ್ತು. ಅವರಿಗೆ ದೇವರ ಗುಡ್ಡರು ಅನ್ನುತ್ತಾರೆ. ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮಾದಪ್ಪನ ಕಥೆ. ಈ ಕಥೆ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಅದು ಸಾಲು ಸಾಲಾಗಿ ಇದೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಹೀಗೆ. ಕೂತು ಹಾಡುವಾಗ ಕಂಸಾಳೆ ಸಣ್ಣಗೆ ತಾಳ ಹಾಕುತ್ತದೆ, ಜೊತೆಗೆ ದಮ್ಮಡಿ ಅನ್ನುವ ಸಣ್ಣ ಚರ್ಮವಾದ್ಯ. ಎದ್ದು ನಿಂತಾಗ ಬೀಸು ಕಂಸಾಳೆ. ವೇದಿಕೆಯಲ್ಲಿ ನಾವು ನೋಡುವುದು ಈ ಎದ್ದು ನಿಂತ ಕೊನೆಯ ಹತ್ತು ನಿಮಿಷ ಮಾತ್ರ. ಹಾಗೆ ನೋಡಿದರೆ ಕಂಸಾಳೆಯನ್ನು ಬರೀ ಕುಣಿತ ಅನ್ನುವುದೇ ಅರ್ಧ ಸತ್ಯ. ಇಡೀ ರಾತ್ರಿಯ ಕಥೆಯೊಳಗಿಂದ ಎದ್ದ ಕುಣಿತ ಅದು. ಶಿವರಾತ್ರಿಗೋ ದೀಪಾವಳಿಗೋ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ, ಕಾಲ್ನಡಿಗೆಯಲ್ಲಿ ಬಂದವರು "ಉಘೇ ಮಾದಪ್ಪ, ಉಘೇ" ಅಂತ ಕೂಗುವ ನಡುವೆ ಕಂಸಾಳೆ ಕೇಳಿದರೆ ನಾನು ಹೇಳುತ್ತಿರುವುದು ಏನು ಅಂತ ಗೊತ್ತಾಗುತ್ತದೆ.

ಸರಿ, ಕೈಯಿಂದ ಮೇಲಕ್ಕೆ ಹೋಗೋಣ. ಪಟ ಕುಣಿತದಲ್ಲಿ ಹತ್ತು ಹದಿನೈದು ಅಡಿ ಉದ್ದದ ಬಿದಿರ ಗಳಕ್ಕೆ ಬಣ್ಣಬಣ್ಣದ ಬಟ್ಟೆ ಸುತ್ತಿ, ತುದಿಯಲ್ಲಿ ಛತ್ರಿ ಇಟ್ಟಿರುತ್ತಾರೆ. ಮೈಸೂರು, ಮಂಡ್ಯದ ಕಡೆ ಜಾಸ್ತಿ. ಅಷ್ಟು ಉದ್ದದ್ದನ್ನು ಬೀಳದ ಹಾಗೆ ಹೇಗಪ್ಪಾ ಕುಣಿಸುತ್ತಾರೆ ಅನಿಸುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆರಳ ತುದಿಯಲ್ಲಿ ಒಂದು ಪೆನ್ಸಿಲ್ ನಿಲ್ಲಿಸಲು ನೋಡಿ. ಆಗುವುದೇ ಇಲ್ಲ. ಈಗ ಅಂಗೈ ಮೇಲೆ ತೆಂಗಿನಕಾಯಿ ಕೀಳುವ ದೋಟಿ ನಿಲ್ಲಿಸಿ. ನಿಲ್ಲುತ್ತದೆ! ಉದ್ದ ಜಾಸ್ತಿಯಾದಷ್ಟೂ ಕೋಲು ಬೀಳುವುದು ನಿಧಾನ, ಭಾರ ಮೇಲ್ಗಡೆ ಇದ್ದರೆ ಇನ್ನೂ ನಿಧಾನ. ಬೀಳಲು ಶುರು ಮಾಡಿದ್ದನ್ನು ನೋಡಿ ಕೈ ಸರಿಸಲು ನಮಗೆ ಸಮಯ ಸಿಗುತ್ತದೆ. ಪಟದ ತುದಿಯ ಛತ್ರಿ ಅಲಂಕಾರವೂ ಹೌದು, ಕುಣಿಯುವವನಿಗೆ ಸಮಯ ಕೊಡುವ ಭಾರವೂ ಹೌದು. ಆದರೆ ಗಾಳಿ ಬಂದರೆ ಬಟ್ಟೆ ತುಂಬಿಕೊಂಡು ಎಳೆಯುತ್ತದೆ. ಹಾಗಾಗಿ ಪಟ ಕುಣಿತದವರ ಕಣ್ಣು ಯಾವಾಗಲೂ ಮೇಲಿರುತ್ತದೆ, ಕಾಲು ತಾನೇ ಜಾಗ ಹುಡುಕಿಕೊಳ್ಳುತ್ತದೆ.

ನಂದಿಕೋಲು ಇದಕ್ಕಿಂತ ತುಂಬಾ ಭಾರ. ಹಿತ್ತಾಳೆ ತಗಡು, ಗಂಟೆ, ನಂದಿಯ ಮೂರ್ತಿ ಎಲ್ಲಾ ಇರುವ ಕಂಬ. ಅದನ್ನು ಬರೀ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಸೊಂಟಕ್ಕೆ ಚರ್ಮದ ಪಟ್ಟಿ ಕಟ್ಟಿ ಅದರಲ್ಲಿ ಕಂಬದ ಬುಡ ಕೂರಿಸುತ್ತಾರೆ. ಹೆಜ್ಜೆ ಇಲ್ಲಿ ಚಿಕ್ಕದು, ಗಟ್ಟಿ. ಮೈಸೂರು ದಸರಾದ ದಿನ ಟಿವಿಯಲ್ಲಿ ನೋಡಿರುತ್ತೀರಿ, ಅರಮನೆಯ ಬಲರಾಮ ದ್ವಾರದಲ್ಲಿ ಮುಖ್ಯಮಂತ್ರಿಗಳು ನಂದಿಧ್ವಜಕ್ಕೆ, ಅಂದರೆ ಇದೇ ನಂದಿಕೋಲಿಗೆ, ಪೂಜೆ ಮಾಡಿದ ಮೇಲೆಯೇ ಮೆರವಣಿಗೆ ಹೊರಡುವುದು. ಆನೆ, ಅಂಬಾರಿ ಎಲ್ಲಾ ಅದರ ಹಿಂದೆ.

ಪೂಜಾ ಕುಣಿತ ತಲೆಯ ಮೇಲಿನದ್ದು. ಬಿದಿರಿನ ಚೌಕಟ್ಟಿಗೆ ದೇವಿಯ ಮುಖ ಕಟ್ಟಿ, ಹೂವು, ಬಟ್ಟೆಯಿಂದ ಸಿಂಗರಿಸಿ ತಲೆ ಮೇಲೆ ಹೊರುತ್ತಾರೆ. ಜೋರು ತಮಟೆ. ಕೈ ಬಿಟ್ಟು ಕುಣಿಯಬೇಕು. ಇಲ್ಲಿ ಕತ್ತಿನಿಂದ ಮೇಲೆ ಒಂದು ಲೋಕ, ಸೊಂಟದಿಂದ ಕೆಳಗೆ ಇನ್ನೊಂದು. ಮೇಲೆ ಏನೂ ಅಲುಗುವುದಿಲ್ಲ, ಕೆಳಗೆ ಕಾಲು ಚಕಚಕ ಓಡುತ್ತಿರುತ್ತದೆ, ನಡುವಿನ ಏಟೆಲ್ಲಾ ಮಂಡಿ ನುಂಗಿಕೊಳ್ಳುತ್ತದೆ. ಹಳ್ಳಿಯಲ್ಲಿ ತಲೆ ಮೇಲೆ ನೀರಿನ ಕೊಡ ಇಟ್ಟುಕೊಂಡು, ಮಾತಾಡುತ್ತಾ, ಒಂದು ಹನಿ ಚೆಲ್ಲದೆ ಬರುವ ಹೆಂಗಸರ ನಡಿಗೆ ನೋಡಿದ್ದೀರಲ್ಲ, ಅದೇ ವಿದ್ಯೆ. ಜೋಗತಿ ನೃತ್ಯದಲ್ಲೂ ಯಲ್ಲಮ್ಮನ ಕೊಡ ತಲೆಯ ಮೇಲಿರುತ್ತದೆ. ಈ ಕಲೆಗೆ ದೇಶದ ಕಣ್ಣು ತೆರೆಸಿದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದರು, ಅದಕ್ಕೂ ಮೊದಲೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು. ತೃತೀಯ ಲಿಂಗಿಯೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಈ ಕೀಲಿಕೈ ಹಿಡಿದು ಕೊಡಗಿಗೆ ಹೋಗಿ, ಅಲ್ಲೂ ಬಾಗಿಲು ತೆರೆಯುತ್ತದೆ. ಬೊಳಕಾಟ್‌ನಲ್ಲಿ ಗಂಡಸರ ಕೈಯಲ್ಲಿ ಚೌರಿ, ಅಂದರೆ ಚಾಮರ, ನಡುವೆ ದೀಪ. ಚೌರಿ ಹಗುರ, ಹಾಗಾಗಿ ಕುಣಿತ ತೇಲುತ್ತದೆ. ಕತ್ತಿಯಾಟ್‌ನಲ್ಲಿ ಕತ್ತಿ, ಕೊಂಬಾಟ್‌ನಲ್ಲಿ ಜಿಂಕೆಯ ಕೊಂಬು. ಉಮ್ಮತ್ತಾಟ್‌ನಲ್ಲಿ ಹೆಂಗಸರ ಕೈಯಲ್ಲಿ ಹಿತ್ತಾಳೆಯ ತಾಳ. ಒಂದೇ ಜನ, ಕೈಯ ವಸ್ತು ಬದಲಾದ ಹಾಗೆ ಮೈಯೂ ಬದಲಾಗುತ್ತದೆ.

ಕರ್ನಾಟಕದ ಆಚೆಗೂ ಇದು ಕೆಲಸ ಮಾಡುತ್ತದೆ. ನನಗೆ ಅತ್ಯಂತ ಚೆಂದದ ಉದಾಹರಣೆ ಛಾವು ಅನ್ನುವ ಕುಣಿತ. ಇದರಲ್ಲಿ ಮೂರು ಮನೆತನ: ಜಾರ್ಖಂಡಿನ ಸರಾಯಿಕೇಲಾ, ಪಶ್ಚಿಮ ಬಂಗಾಳದ ಪುರುಲಿಯಾ, ಒಡಿಶಾದ ಮಯೂರ್‌ಭಂಜ್. ಮೊದಲ ಎರಡರಲ್ಲಿ ಮುಖವಾಡ ಇದೆ, ಮಯೂರ್‌ಭಂಜ್‌ನಲ್ಲಿ ಇಲ್ಲ. ಮುಖವಾಡ ಹಾಕಿದ ಮೇಲೆ ಕಣ್ಣು, ಹುಬ್ಬು, ತುಟಿ ಯಾವುದೂ ಕಾಣುವುದಿಲ್ಲ. ಸಿಟ್ಟು ತೋರಿಸಬೇಕಾದರೆ ಕತ್ತು ಕೊಂಕಬೇಕು, ಹೆಗಲು ನಡುಗಬೇಕು, ಇಡೀ ಮೈ ಮೇಲಕ್ಕೆ ಹಾರಬೇಕು. ಪುರುಲಿಯಾದ ಮುಖವಾಡ ದೊಡ್ಡದು, ಸುತ್ತ ಅಲಂಕಾರ, ಅದಕ್ಕೆ ತಕ್ಕ ಹಾಗೆ ಅಲ್ಲಿನ ನೆಗೆತವೂ ಭಾರಿ. 2010ರಲ್ಲಿ ಯುನೆಸ್ಕೋ ಛಾವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಗುಜರಾತಿನ ಗರ್ಬಾ ಆ ಪಟ್ಟಿಗೆ ಬಂದದ್ದು 2023ರಲ್ಲಿ. ಗರ್ಬಾದಲ್ಲಿ ವಸ್ತು ಕೈಯಲ್ಲೂ ಇಲ್ಲ, ತಲೆ ಮೇಲೂ ಇಲ್ಲ, ನಡುವೆ ನೆಲದ ಮೇಲಿದೆ: ತೂತುಗಳಿರುವ ಮಣ್ಣಿನ ಮಡಕೆಯೊಳಗೆ ಉರಿಯುವ ದೀಪ, ಇಲ್ಲವೇ ದೇವಿಯ ಮೂರ್ತಿ. ದೀಪ ನಡುವೆ ಇದ್ದಾಗ ಕುಣಿತ ಸುತ್ತಲೇಬೇಕಲ್ಲವೇ? ಮಿಜೋರಾಮಿನ ಚೆರಾವ್‌ನಲ್ಲಂತೂ ವಸ್ತು ಇರುವುದು ಕುಣಿಯುವವರ ಕೈಯಲ್ಲಿ ಅಲ್ಲ, ಕೂತವರ ಕೈಯಲ್ಲಿ. ಅವರು ಬಿದಿರುಗಳನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ, ಬಿದಿರು ಮುಚ್ಚುವ ಮೊದಲು ಕಾಲು ಎತ್ತಿರಬೇಕು.

ಇಷ್ಟು ಗೊತ್ತಾದ ಮೇಲೆ ನನಗೆ ಕಾಡುವ ಒಂದು ಸಂಗತಿ ಹೇಳಬೇಕು. ವಸ್ತು ಬದಲಾದರೆ ಕುಣಿತ ಬದಲಾಗುತ್ತದೆ ಅಂತಾದರೆ, ಈಗ ವಸ್ತುಗಳೇ ಬದಲಾಗುತ್ತಿವೆ. ಚರ್ಮದ ತಮಟೆಯ ಜಾಗಕ್ಕೆ ಫೈಬರ್ ತಮಟೆ ಬಂದಿದೆ. ಕಾರಣ ಇದೆ. ಚರ್ಮ ಮಳೆಗೆ, ಥಂಡಿಗೆ ಸಡಿಲವಾಗುತ್ತದೆ, ಬೆಂಕಿ ಹಾಕಿ ಕಾಯಿಸಬೇಕು, ಮತ್ತೆ ಮತ್ತೆ ಕಾಯಿಸಬೇಕು. ಫೈಬರ್‌ಗೆ ಅದೇನೂ ಬೇಡ. ದಿನಕ್ಕೆ ಮೂರು ಕಾರ್ಯಕ್ರಮ ಇರುವ ತಂಡಕ್ಕೆ ಅದು ಸುಲಭ, ಅವರನ್ನು ನಾನು ದೂರುವುದಿಲ್ಲ. ಆದರೆ ತಮಟೆ ಕಾಯಿಸುವ ಹೊತ್ತಿನಲ್ಲಿ ಬೆಂಕಿಯ ಸುತ್ತ ಕೂತು ಹಿರಿಯರು ಹುಡುಗರಿಗೆ ಬಾಯಲ್ಲೇ ಗತ್ತು ಹೇಳಿಕೊಡುತ್ತಿದ್ದರು. ಬೆಂಕಿ ಹೋದರೆ ಆ ಪಾಠದ ಹೊತ್ತೂ ಹೋಗುತ್ತದೆ. ಸದ್ದಿನಲ್ಲೂ ವ್ಯತ್ಯಾಸ ಇದೆ. ಫೈಬರ್ ಚಟಚಟ ಅನ್ನುತ್ತದೆ, ಕಾಯಿಸಿದ ಚರ್ಮ ಎದೆಗೆ ಬಂದು ಬಡಿಯುತ್ತದೆ.

ಇನ್ನೊಂದು ಸಮಯದ್ದು. ವೇದಿಕೆಯಲ್ಲಿ ಎಂಟು ನಿಮಿಷ ಕೊಡುತ್ತಾರೆ. ಎಂಟು ನಿಮಿಷದಲ್ಲಿ ಚಪ್ಪಾಳೆ ಬೀಳಬೇಕಾದರೆ ಏನು ಮಾಡುತ್ತಾರೆ? ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಾರೆ. ವೀರಗಾಸೆಯವರಿಗೆ ಒಡಪು ಹೇಳಲು ಬಿಡುವುದಿಲ್ಲ, ಕತ್ತಿ ಬೀಸಿ ಮುಗಿಸಿ ಅನ್ನುತ್ತಾರೆ. ವೀರಗಾಸೆಯಲ್ಲಿ ಒಡಪೇ ಜೀವ. ದಕ್ಷನ ಯಜ್ಞಕ್ಕೆ ವೀರಭದ್ರ ನುಗ್ಗಿದ ಕಥೆಯನ್ನು ಏರುದನಿಯಲ್ಲಿ ಹೇಳುತ್ತಾ ಹೇಳುತ್ತಾ ಮೈಯಲ್ಲಿ ಆವೇಶ ತುಂಬಿಕೊಂಡು ಆಮೇಲೆ ಕುಣಿಯಬೇಕು. ಮಾತು ಕಿತ್ತುಕೊಂಡು ಕುಣಿ ಅಂದರೆ ಎಲ್ಲಿಂದ ಬರಬೇಕು ಆ ರೌದ್ರ? ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ನೋಡಬೇಕು ಅನ್ನುವವರಿಗೆ ಜಾಗಗಳಿವೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರದ ಹತ್ತಿರವೇ ಇದೆ, 1994ರಿಂದ. ಅಲ್ಲಿ ವಾದ್ಯಗಳನ್ನು, ಮುಖವಾಡಗಳನ್ನು ಹತ್ತಿರದಿಂದ ನೋಡಬಹುದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಅಂತ ಒಂದು ವಿಶ್ವವಿದ್ಯಾಲಯ ಇದೆ. ಆದರೆ ನಿಮ್ಮೂರ ಹತ್ತಿರದ ಜಾತ್ರೆಗೆ, ಕತ್ತಲಾದ ಮೇಲೆ, ಮೈಕು ನಿಂತ ಮೇಲೆ ಹೋಗಿ. ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಕುಣಿತ ಮುಗಿದ ತಕ್ಷಣ ಮನೆಗೆ ಹೊರಡಬೇಡಿ, ಅವರು ಆ ವಸ್ತುಗಳನ್ನು ಹೇಗೆ ಎತ್ತಿಡುತ್ತಾರೆ ಅಂತಲೂ ನೋಡಿ.

ಕೊಳ್ಳೇಗಾಲದ ಆ ಅಜ್ಜ ಅವತ್ತು ನನ್ನ ಕೈಯಿಂದ ಕಂಸಾಳೆ ವಾಪಸ್ ತೆಗೆದುಕೊಂಡು, ಬಿಲ್ಲೆಯ ಬೆವರನ್ನು ಪಂಚೆಯ ಅಂಚಿನಿಂದ ಒರೆಸಿದರು. ದಾರದ ಗಂಟನ್ನು ಒಂದು ಸಲ ಎಳೆದು ನೋಡಿದರು. ದಾರವನ್ನು ನಿಧಾನಕ್ಕೆ ಸುತ್ತಿ, ಗೊಂಡೆಯನ್ನು ಒಳಗೆ ಮಡಚಿ, ಬಟ್ಟಲಿನೊಳಗೆ ಬಿಲ್ಲೆ ಮಲಗಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿದರು. ಹಣೆಗೆ ಒತ್ತಿಕೊಂಡರು. ಆಮೇಲೆ ಒಳಗೆ ಹೋಗಿ, ಮಾದಪ್ಪನ ಫೋಟೋದ ಪಕ್ಕದ ಗೂಡಿನಲ್ಲಿ ಇಟ್ಟು ಬಂದು, "ಊಟ ಮಾಡ್ಕಂಡು ಹೋಗು" ಅಂದರು.